ವೆಲ್ಡಿಂಗ್ ಮಾಡುವಾಗ ಜೋಡಣೆಯ ಗೆರೆಯೇ ಕಾಣುವುದಿಲ್ಲ, ಯಾವ ಹೆಲ್ಮೆಟ್ ಕೊಳ್ಳಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗೇಟು, ಗ್ರಿಲ್ ಕೆಲಸ, ಹೆಚ್ಚಾಗಿ 12 ಗೇಜಿನ ರಾಡು, ಇಷ್ಟು ವರ್ಷ ಕಪ್ಪು ಗಾಜಿನ ಹ್ಯಾಂಡ್ ಸ್ಕ್ರೀನನ್ನು ಮುಖದ ಮುಂದೆ ಕೈಯಲ್ಲಿ ಹಿಡಿದೇ ಕೆಲಸ ಮಾಡಿದ್ದೀರಿ, ವಯಸ್ಸು 46, ಈಚೆಗೆ ಬೀಡು, ಅಂದರೆ ರಾಡು ಕರಗಿ ಕೂರುವ ಲೋಹದ ಸಾಲು, ಜೋಡಣೆಯ ಗೆರೆ ಬಿಟ್ಟು ಪಕ್ಕಕ್ಕೆ ಹರಿಯುತ್ತಿದೆ. ಆರ್ಕ್, ಅಂದರೆ ರಾಡಿನ ತುದಿಯ ಕಿಡಿಬೆಳಕು, ಹೊತ್ತಿದೊಡನೆ ಗಾಜು ತಾನಾಗಿ ಕಪ್ಪಾಗುವ 1,800 ರೂಪಾಯಿಯ ಆಟೋ ಹೆಲ್ಮೆಟ್ ಸಾಕೇ, 25,000 ರೂಪಾಯಿಯದೇ ಬೇಕೇ ಎಂದು ಕೇಳಿದ್ದೀರಿ. ನನ್ನ ಗಮನ ಸೆಳೆದದ್ದು ಈ ಎರಡು ಬೆಲೆಗಳಲ್ಲ, 46 ಎಂಬ ಸಂಖ್ಯೆ.

ನನಗೆ ಇದೇ ತೊಂದರೆ 44ಕ್ಕೆ ಶುರುವಾಯಿತು. ಪೀಣ್ಯದಲ್ಲಿ ಹಲವು ವರ್ಷ ದುಡಿದು ಆಗಷ್ಟೇ ನೆಲಮಂಗಲದ ಹತ್ತಿರ ಸ್ವಂತ ಶೆಡ್ ಹಾಕಿದ್ದೆ. ಮೊದಲು ಮೆಷಿನನ್ನು ಬೈದೆ. ಆಮೇಲೆ ರಾಡು ತೇವ ಹಿಡಿದಿದೆ ಎಂದುಕೊಂಡೆ. ಆಮೇಲೆ ಹಳ್ಳಿಯ ವೋಲ್ಟೇಜಿನ ಮೇಲೆ ತಪ್ಪು ಹೊರಿಸಿದೆ. ಕೊನೆಗೆ ಹೆಲ್ಮೆಟ್ಟೇ ಸರಿಯಿಲ್ಲವೆಂದು ಸಾಲ ಮಾಡಿ ದುಬಾರಿಯದೊಂದನ್ನು ತಂದೆ. ಅದರಲ್ಲೂ ಗೆರೆ ಮಸುಕಾಗಿಯೇ ಕಂಡಿತು. ಒಂದು ಸಂಜೆ ಯಾರದೋ ಮದುವೆಯ ಕರೆಯೋಲೆಯನ್ನು ತೋಳು ಉದ್ದಕ್ಕೆ ಚಾಚಿ ಹಿಡಿದು ಓದುತ್ತಿದ್ದೆ. ಅದನ್ನು ನೋಡಿ ನನ್ನ ಹೆಂಡತಿ, "ನಿಮಗೆ ಚಾಳೀಸು ಬಂದಿದೆ, ಮೊದಲು ಕಣ್ಣು ತೋರಿಸಿಕೊಳ್ಳಿ" ಎಂದಳು. ಅಲ್ಲಿಗೆ ರಹಸ್ಯ ಬಯಲಾಯಿತು.

ರಾಡಿನ ತುದಿಗೂ ನಮ್ಮ ಕಣ್ಣಿಗೂ ಇರುವ ಅಂತರ ಸುಮಾರು ಒಂದರಿಂದ ಒಂದೂವರೆ ಅಡಿ. ಪತ್ರಿಕೆ ಓದುವ ಅಂತರವೂ ಹೆಚ್ಚುಕಡಿಮೆ ಅದೇ. ನಲವತ್ತು ದಾಟಿದ ಮೇಲೆ ಕಣ್ಣು ಸೋಲುವುದು ಸರಿಯಾಗಿ ಆ ದೂರದಲ್ಲಿಯೇ. ಅದರ ಮೇಲೆ ಕಪ್ಪು ಗ್ಲಾಸು ಬೇರೆ. ಬೆಳಕು ಕಡಿಮೆಯಾದರೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಪಾಪೆ ಹಿಗ್ಗಿದಷ್ಟೂ ಹತ್ತಿರದ ವಸ್ತು ಇನ್ನಷ್ಟು ಮಸುಕಾಗುತ್ತದೆ. ಹಾಗಾಗಿ ಬಯಲಿನಲ್ಲಿ ಅಳತೆ ಟೇಪಿನ ಗೀಟು ಚೆನ್ನಾಗಿಯೇ ಓದುವವನಿಗೂ ಹೆಲ್ಮೆಟ್ಟಿನ ಒಳಗೆ ಗೆರೆ ಕಾಣದೇ ಇರಬಹುದು. ಚಾಳೀಸು ಮೊದಲು ಹಿಡಿದುಹಾಕುವುದು ವೆಲ್ಡರನ್ನೇ ಎಂದು ನಾನು ತಮಾಷೆ ಮಾಡುವುದುಂಟು.

ಆದ್ದರಿಂದ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. "ಓದಲು ಕನ್ನಡಕ ಬೇಕು" ಎಂದಷ್ಟೇ ಹೇಳಬೇಡಿ. ರಾಡು ಹಿಡಿದಂತೆ ಕೈ ಚಾಚಿ, ಇಷ್ಟು ದೂರದಲ್ಲಿ ನನಗೆ ಸ್ಪಷ್ಟವಾಗಿ ಕಾಣಬೇಕು ಎಂದು ತೋರಿಸಿ. ಮೇಲೊಂದು ಕೆಳಗೊಂದು ಪವರ್ ಇರುವ ಬೈಫೋಕಲ್ ಕನ್ನಡಕ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದರ ಕೆಳಭಾಗದಿಂದ ನೋಡಲು ತಲೆಯನ್ನು ಹಿಂದಕ್ಕೆ ಎತ್ತಬೇಕು, ಆಗ ಹೆಲ್ಮೆಟ್ಟಿನ ಕಿಟಕಿ ಆಕಾಶ ನೋಡುತ್ತದೆ. ಪೂರ್ತಿ ಗಾಜಿಗೆ ಒಂದೇ ಪವರ್ ಇರುವ ಅಗ್ಗದ ಕನ್ನಡಕವೊಂದನ್ನು ಶೆಡ್ಡಿಗೆಂದೇ ಇಟ್ಟುಕೊಳ್ಳಿ. ಇನ್ನೊಂದು ದಾರಿಯೂ ಇದೆ: ಹೆಲ್ಮೆಟ್ಟಿನ ಒಳಗೆ, ಫಿಲ್ಟರಿನ, ಅಂದರೆ ಕಪ್ಪು ಗಾಜಿನ ಹಿಂದೆ ಸಿಕ್ಕಿಸುವ ಭೂತಗಾಜಿನ ಪಟ್ಟಿ. 108 ಮಿಲಿಮೀಟರ್ ಉದ್ದ, 51 ಮಿಲಿಮೀಟರ್ ಅಗಲದ ಈ ಪಟ್ಟಿಗಳು ಕನ್ನಡಕದ ಹಾಗೆಯೇ 1, 1.5, 2, 2.5 ಎಂಬ ಪವರ್‌ಗಳಲ್ಲಿ ಬರುತ್ತವೆ. ಹೆಲ್ಮೆಟ್ ಕೊಳ್ಳುವಾಗ ಇದನ್ನು ಹಿಡಿಯುವ ತೋಡು ಒಳಗಿದೆಯೇ ಎಂದು ಬೆರಳು ಹಾಕಿ ನೋಡಿ. ನನ್ನ ಮಟ್ಟಿಗೆ ಕನ್ನಡಕವೇ ವಾಸಿ. ಪಟ್ಟಿಗೆ ಉಸಿರಿನ ಆವಿ ಬೇಗ ಕೂರುತ್ತದೆ.

ಎರಡನೆಯದು ಇನ್ನೂ ಅಗ್ಗದ ಸಂಗತಿ, ಹೇಳಲು ಸಂಕೋಚವಾಗುವಷ್ಟು ಅಗ್ಗ. ಕಪ್ಪು ಗ್ಲಾಸಿನ ಮುಂದಿರುವ ಬಿಳಿ ಗ್ಲಾಸನ್ನು ಕೊನೆಯ ಬಾರಿ ಯಾವಾಗ ಬದಲಿಸಿದಿರಿ? ಕಿಡಿ ಸಿಡಿದು ಸಿಡಿದು ಅದರ ಮೇಲೆ ಸಾಸಿವೆಯಂಥ ಚುಕ್ಕೆಗಳು ಕೂತಿರುತ್ತವೆ, ಹೊಗೆ ಪದರಗಟ್ಟಿರುತ್ತದೆ. ದಿನವೂ ಸ್ವಲ್ಪ ಸ್ವಲ್ಪವೇ ಮಂದವಾಗುವುದರಿಂದ ನಮಗೆ ಗೊತ್ತಾಗುವುದೇ ಇಲ್ಲ. ನನ್ನ ಶೆಡ್ಡಿಗೆ ಬಂದು "ಈ ಹೆಲ್ಮೆಟ್ ಸರಿಯಿಲ್ಲ" ಎನ್ನುವ ಹುಡುಗರ ಕೈಗೆ ನಾನು ಮಾತಿಲ್ಲದೆ ಹೊಸ ಬಿಳಿ ಗ್ಲಾಸು ಕೊಡುತ್ತೇನೆ. ಹೆಚ್ಚಿನವರು ಆಮೇಲೆ ಆ ದೂರನ್ನು ಎತ್ತಿಲ್ಲ. ಆಟೋ ಹೆಲ್ಮೆಟ್ಟಿಗೂ ಹೀಗೆಯೇ ಮುಂದೊಂದು, ಒಳಗೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹೊಸದರ ಮೇಲೆ ಅಂಟಿಸಿರುವ ತೆಳು ರಕ್ಷಣಾ ಪೊರೆಯನ್ನು ಸುಲಿಯದೆಯೇ ತಿಂಗಳುಗಟ್ಟಲೆ ಬಳಸಿ, ಕಂಪನಿಯನ್ನು ಬೈದವರನ್ನೂ ನೋಡಿದ್ದೇನೆ. ಇನ್ನೊಂದು ಮಾತು: ಆ ಹಾಳೆ ನಿಮ್ಮ ಊರಿನಲ್ಲಿ ಸಿಗದಿದ್ದರೆ ಆ ಹೆಲ್ಮೆಟ್ ಎಷ್ಟೇ ಒಳ್ಳೆಯದಿದ್ದರೂ ಕೊಳ್ಳಬೇಡಿ.

ಇನ್ನು ಶೇಡ್ ಸಂಖ್ಯೆ, ಅಂದರೆ ಗಾಜು ಎಷ್ಟು ಕಪ್ಪು ಎಂಬುದರ ಅಳತೆ. ಅಂಗಡಿಯವನು ಕೊಟ್ಟದ್ದನ್ನೇ ಹಾಕಿಕೊಂಡು ಆಯುಷ್ಯ ಕಳೆಯುವವರು ನಮ್ಮಲ್ಲಿ ಬಹಳ. ಶೇಡ್ ಒಂದು ಹೆಜ್ಜೆ ಏರಿದರೆ ಗಾಜಿನೊಳಗೆ ಬರುವ ಬೆಳಕು ಏನೋ ಚೂರು ಕಡಿಮೆಯಾಗುತ್ತದೆ ಎಂದು ನಾನೂ ತಿಳಿದಿದ್ದೆ. ಹಾಗಲ್ಲ, ಒಂದೊಂದು ಹೆಜ್ಜೆಗೂ ಬೆಳಕು ಸುಮಾರು ಶೇ 37ಕ್ಕೆ ಇಳಿಯುತ್ತದೆ. 10ರ ಬದಲು 12 ಹಾಕಿಕೊಂಡರೆ ಏಳರಲ್ಲಿ ಒಂದು ಪಾಲು ಬೆಳಕು ಮಾತ್ರ ಉಳಿಯುತ್ತದೆ. ನಿಮ್ಮ 12 ಗೇಜಿನ, ಅಂದರೆ ಎರಡೂವರೆ ಮಿಲಿಮೀಟರ್ ರಾಡು 70ರಿಂದ 90 ಆಂಪಿಯರಿನಲ್ಲಿ ಓಡುತ್ತದೆ. ರಾಡಿನ ವೆಲ್ಡಿಂಗ್‌ನಲ್ಲಿ 60ರಿಂದ 160 ಆಂಪಿಯರ್‌ವರೆಗೆ ಸಾಮಾನ್ಯವಾಗಿ ಸೂಚಿಸುವ ಶೇಡ್ 10. ಕನಿಷ್ಠ 8, ಅದಕ್ಕಿಂತ ಕೆಳಗೆ ಇಳಿಯಬಾರದು. ನೀವು 12ರ ಗ್ಲಾಸು ಹಾಕಿಕೊಂಡು ಗ್ರಿಲ್ ಕಟ್ಟುತ್ತಿದ್ದರೆ, ಅಮಾವಾಸ್ಯೆಯ ರಾತ್ರಿ ಟಾರ್ಚಿಲ್ಲದೆ ಕೆರೆ ಏರಿಯ ಮೇಲೆ ನಡೆದಂತೆ. ಗಾಢ ಶೇಡಿನಿಂದ ಶುರು ಮಾಡಿ, ಕರಗಿದ ಲೋಹದ ಕೊಳದ ಅಂಚು ಮತ್ತು ಅದರ ಮುಂದಿನ ಗೆರೆ ಎರಡೂ ಕಾಣುವ ತನಕ ಒಂದೊಂದೇ ಹೆಜ್ಜೆ ಇಳಿಯಿರಿ. ಆರ್ಕ್ ಅಷ್ಟೇ ಉರಿಯುತ್ತಾ ಸುತ್ತಲಿನದು ಕತ್ತಲಾಗಿದ್ದರೆ ಶೇಡ್ ಹೆಚ್ಚಾಯಿತು. ಕೆಲಸ ನಿಲ್ಲಿಸಿದ ಮೇಲೂ ಕಣ್ಣೆದುರು ಬೆಳಕಿನ ಮಚ್ಚೆ ಕುಣಿಯುತ್ತಿದ್ದರೆ ಕಡಿಮೆಯಾಯಿತು.

ಇಷ್ಟು ಮಾಡಿದ ಮೇಲೂ ಹೆಲ್ಮೆಟ್ ಬೇಕೆನಿಸಿದರೆ, ಬೇಕೆನಿಸುತ್ತದೆ ಎಂದೇ ನನ್ನ ಊಹೆ, ಆಟೋ ಕೊಳ್ಳಿ. ಆದರೆ ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದು ಗೊತ್ತಿರಲಿ. ಆರ್ಕ್ ಉರಿಯುವಾಗಿನ ಸ್ಪಷ್ಟತೆಯಲ್ಲಿ ಒಳ್ಳೆಯ ಕಪ್ಪು ಗ್ಲಾಸನ್ನು ಕಡಿಮೆ ಬೆಲೆಯ ಆಟೋ ಫಿಲ್ಟರ್ ಸೋಲಿಸುವುದಿಲ್ಲ. ಅದರ ನಿಜವಾದ ಉಪಕಾರ ಆರ್ಕ್ ಹೊತ್ತುವುದಕ್ಕೆ ಮುಂಚಿನದು. ಹ್ಯಾಂಡ್ ಸ್ಕ್ರೀನಿನಲ್ಲಿ ನಾವು ಮಾಡುವುದೇನು? ರಾಡನ್ನು ಗುರಿಯಿಟ್ಟು, ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ ತಾಗಿಸುತ್ತೇವೆ; ಸ್ಕ್ರೀನ್ ಮುಖಕ್ಕೆ ಬರುವಷ್ಟರಲ್ಲಿ ತುದಿ ಎರಡು ಮಿಲಿಮೀಟರ್ ಜಾರಿರುತ್ತದೆ. ಆಟೋದಲ್ಲಿ ಗೆರೆಯನ್ನು ನೋಡುತ್ತಲೇ ತಾಗಿಸಬಹುದು, ಎಡಗೈಯೂ ಬಿಡುವಾಗಿರುತ್ತದೆ.

ಹಾಗಿರುವಾಗ ಕೊಳ್ಳುವವರೆಲ್ಲ ಕೇಳುವುದು ಎಷ್ಟು ಬೇಗ ಕಪ್ಪಾಗುತ್ತದೆ ಎಂದು, ಕೇಳಬೇಕಾದದ್ದು ಕಪ್ಪಾಗದೆ ಇರುವಾಗ ಎಷ್ಟು ತಿಳಿಯಾಗಿರುತ್ತದೆ ಎಂದು. ಪೆಟ್ಟಿಗೆಯ ಮೇಲೆ 1/25,000 ಸೆಕೆಂಡ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು 1/30,000 ಆದರೆ ನಿಮ್ಮ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಆರ್ಕ್ ಇಲ್ಲದಾಗಿನ ಶೇಡ್ ಎಷ್ಟೆಂಬುದನ್ನು ಮಾತ್ರ ಸಣ್ಣಕ್ಷರದಲ್ಲಿ ಹುಡುಕಬೇಕು. ಅಗ್ಗದವುಗಳಲ್ಲಿ ಅದು ಸಾಮಾನ್ಯವಾಗಿ 4. ಅಂದರೆ ಬೆಳಕಿನಲ್ಲಿ ಸುಮಾರು ಶೇ 5 ಮಾತ್ರ ಒಳಗೆ ಬರುತ್ತದೆ. 3 ಆದರೆ ಸುಮಾರು ಶೇ 14. ಸ್ವಿಟ್ಜರ್ಲೆಂಡಿನ ಆಪ್ಟ್ರೆಲ್ ಕಂಪನಿಯ ಒಂದು ಮಾದರಿ 2ರ ತನಕ ಇಳಿಯುತ್ತದೆ, ಅದರಲ್ಲಿ ಶೇ 31. ಅದರ ಬೆಲೆ ಕೇಳಿ ನಾನು ನಮಸ್ಕಾರ ಹೇಳಿ ಅಂಗಡಿಯಿಂದ ಇಳಿದು ಬಂದೆ. ನಿಮ್ಮ ಕೆಲಸಕ್ಕೆ 3 ಧಾರಾಳವಾಗಿ ಸಾಕು.

ಇದರ ಪಕ್ಕದಲ್ಲೇ 1/1/1/2 ಎಂಬಂತೆ ನಾಲ್ಕು ಅಂಕಿಗಳಿರುತ್ತವೆ. ಇವು ಗಾಜಿನ ಗುಣ ಹೇಳುವ ಯುರೋಪಿನ ದರ್ಜೆಗಳು. 1 ಉತ್ತಮ, 3 ಕಳಪೆ. ಮೊದಲನೆಯದು ದೃಶ್ಯ ಸೊಟ್ಟಗಾಗದೆ ಕಾಣುತ್ತದೆಯೇ, ಎರಡನೆಯದು ಮಂಜು ಕವಿದಂತಿದೆಯೇ, ಮೂರನೆಯದು ಗಾಜಿನ ಎಲ್ಲ ಕಡೆ ಒಂದೇ ಸಮನಾದ ಕಪ್ಪಿದೆಯೇ, ನಾಲ್ಕನೆಯದು ಓರೆಯಾಗಿ ನೋಡಿದಾಗ ಕಪ್ಪು ಬದಲಾಗುತ್ತದೆಯೇ ಎಂಬುದನ್ನು ಹೇಳುತ್ತವೆ. ಬೆಂಚಿನ ಮುಂದೆ ನೇರವಾಗಿ ಕೂತು ಕೆಲಸ ಮಾಡುವವರಿಗೆ ನಾಲ್ಕನೆಯದು 2 ಇದ್ದರೂ ನಡೆಯುತ್ತದೆ. ಟ್ರೇಲರಿನ ಕೆಳಗೆ ಮಲಗಿ ಕುತ್ತಿಗೆ ತಿರುವಿ ಬೆಸೆಯುವ ನನ್ನಂಥವರಿಗೆ ಅಂಚಿನಲ್ಲಿ ಗಾಜು ತೆಳುವಾಗಿ ಕಂಡು ಕಿರಿಕಿರಿಯಾಗುತ್ತದೆ. ಎರಡನೆಯ ಅಂಕಿಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ ಈ ಅಂಕಿಗಳೇ ಇಲ್ಲದಿದ್ದರೆ ಮುಟ್ಟದೆ ಬನ್ನಿ.

"ಟ್ರೂ ಕಲರ್" ಎಂಬುದು ಬರೀ ಪ್ರಚಾರ ಎಂದುಕೊಂಡಿದ್ದೆ. ಹಳೆಯ ಫಿಲ್ಟರುಗಳಲ್ಲಿ ಲೋಕವೆಲ್ಲ ಪಾಚಿ ಕಟ್ಟಿದ ಬಾವಿಯ ಒಳಗಿದ್ದಂತೆ ಹಸಿರು. ಬಣ್ಣ ನಿಜಕ್ಕೆ ಹತ್ತಿರವಿರುವ ಫಿಲ್ಟರಿನಲ್ಲಿ ಕರಗಿದ ಲೋಹ ಯಾವುದು, ಅದರ ಮೇಲೆ ತೇಲುವ ಸ್ಲ್ಯಾಗ್ ಎಂಬ ಕಿಟ್ಟ ಯಾವುದು ಎಂದು ಬೇರೆ ಬೇರೆಯಾಗಿ ಗುರುತು ಸಿಗುತ್ತದೆ. ಹುಡುಗರಿಗೆ ಕಲಿಸುವಾಗ ಇದು ಬಹಳ ಉಪಯೋಗಕ್ಕೆ ಬಂತು. ಒಂದಿಷ್ಟು ಹಣ ಹೆಚ್ಚು ಕೊಡುವುದಾದರೆ ಇದಕ್ಕೆ ಕೊಡಿ, ಹೆಲ್ಮೆಟ್ಟಿನ ಮೇಲಿನ ಬೆಂಕಿ, ಬುರುಡೆ ಚಿತ್ರಗಳಿಗಲ್ಲ.

ಆರ್ಕಿನ ಬೆಳಕನ್ನು ಗುರುತಿಸುವ ಸೆನ್ಸರ್ ಎರಡಕ್ಕಿಂತ ನಾಲ್ಕಿದ್ದರೆ ಒಳ್ಳೆಯದು. ಪೈಪೋ ನಿಮ್ಮದೇ ಕೈಯೋ ಎರಡನ್ನು ಮರೆಮಾಡಿದರೂ ಉಳಿದವು ಕೆಲಸ ಮಾಡುತ್ತವೆ. ಬ್ಯಾಟರಿ ಬದಲಿಸಲು ಬರುವಂಥದನ್ನೇ ಆರಿಸಿ. ಅಂಗಡಿಯಲ್ಲಿ ಹೆಲ್ಮೆಟ್ಟನ್ನು ಮುಖಕ್ಕೆ ಹಾಕದೆ, ಕೈಯಲ್ಲಿ ಬಿಸಿಲಿನತ್ತ ಹಿಡಿದು ನೋಡಿ, ತಟ್ಟನೆ ಕಪ್ಪಾಗಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟಿನ ಅಂಗಡಿಗಳಲ್ಲಿ ಬಿಸಿಲೇ ಬರುವುದಿಲ್ಲ, ಬಾಗಿಲಿಗೆ ತನ್ನಿ ಎಂದರೆ ಕೆಲವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಫಿಲ್ಟರ್ ಕಪ್ಪಾಗಲು ತಡವಾದರೆ ಕಣ್ಣು ಹೋಗುತ್ತದೆಯೇ ಎಂಬ ಭಯ ನಿಮ್ಮ ಪ್ರಶ್ನೆಯ ಕೊನೆಯಲ್ಲಿತ್ತು. ಸರಿಯಾದ ಗುಣಮಟ್ಟದ ಫಿಲ್ಟರ್ ತಿಳಿಯಾಗಿದ್ದಾಗಲೂ ಅತಿನೇರಳೆ ಮತ್ತು ಅವಕೆಂಪು ಕಿರಣಗಳನ್ನು ತಡೆದೇ ಇರುತ್ತದೆ. ಕಪ್ಪಾಗುವುದು ಕಣ್ಣು ಕೋರೈಸುವ ಬೆಳಕನ್ನು ತಗ್ಗಿಸಲು. ಹೆಸರು, ಗುರುತು ಯಾವುದೂ ಇಲ್ಲದ ಮಾಲಿನ ವಿಷಯದಲ್ಲಿ ಈ ಮಾತು ಹೇಳಲಾರೆ. ನನಗೆ ಆರ್ಕ್ ಹೊಡೆದದ್ದು ಹೆಲ್ಮೆಟ್ ಹಾಕಿದ್ದಾಗಲ್ಲ, ಕೆಲಸ ಕಲಿಯುವ ಮೊದಲ ವರ್ಷ, ಪಕ್ಕದವನು ಬೆಸೆಯುತ್ತಿದ್ದಾಗ ಬರಿಗಣ್ಣಿನಲ್ಲಿ ಚೌಕಟ್ಟು ಹಿಡಿದು ನಿಂತಿದ್ದಕ್ಕೆ. ಹಗಲು ಏನೂ ಆಗಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಕಣ್ಣಿಗೆ ಹಿಡಿ ಮರಳು ಎರಚಿದಂತಾಯಿತು. ಅವ್ವ ಆಲೂಗಡ್ಡೆ ಹೋಳು ಕಟ್ಟಿದಳು, ತಂಪಾಯಿತೇ ಹೊರತು ವಾಸಿಯಾಗಲಿಲ್ಲ; ಎರಡು ದಿನದಲ್ಲಿ ತಾನಾಗಿ ಇಳಿಯಿತು. ನಿಮಗೆ ಹಾಗಾದರೆ ಕಣ್ಣು ಉಜ್ಜಬೇಡಿ, ವೈದ್ಯರಿಗೆ ತೋರಿಸಿ. ಮರಗಟ್ಟಿಸುವ ಹನಿಗಳನ್ನು ಔಷಧದ ಅಂಗಡಿಯಿಂದ ತಂದು ಮೇಲಿಂದ ಮೇಲೆ ಹಾಕಿಕೊಳ್ಳುವ ಚಾಳಿ ನಮ್ಮವರಲ್ಲಿದೆ, ಅದು ಕಣ್ಣಿನ ಮುಂಪೊರೆಯಾದ ಕಾರ್ನಿಯಾವನ್ನೇ ಹಾಳು ಮಾಡುತ್ತದೆ.

ಕಾಸು ಬೇಡದ ಎರಡು ಉಪಾಯಗಳು ಉಳಿದವು. ಬಿಸಿಲಿಗೆ ಬೆನ್ನು ಮಾಡಿ ಕೂರಬೇಡಿ. ಹಿಂದಿನಿಂದ ಬಂದ ಬೆಳಕು ಹೆಲ್ಮೆಟ್ಟಿನ ಒಳಗೆ ನುಗ್ಗಿ, ಗಾಜಿನ ಮೇಲೆ ನಿಮ್ಮ ಮೂಗನ್ನೇ ನಿಮಗೆ ತೋರಿಸುತ್ತದೆ. ಜಾಗ ಬದಲಿಸಲು ಆಗದಿದ್ದರೆ ತಲೆಯ ಹಿಂಭಾಗದಿಂದ ಕುತ್ತಿಗೆಯ ತನಕ ಹತ್ತಿಯ ಟವೆಲ್ ಇಳಿಬಿಡಿ. ನನ್ನ ಶೆಡ್ಡಿನಲ್ಲಿ ಇದೊಂದರಿಂದಲೇ ಅರ್ಧ ಜಗಳ ಮುಗಿಯಿತು.

ಇನ್ನೊಂದು, ಗೆರೆಯನ್ನು ಮಾರ್ಕರ್ ಪೆನ್ನಿನಲ್ಲಿ ಎಳೆಯಬೇಡಿ, ಶಾಖಕ್ಕೆ ಸುಟ್ಟು ಹೋಗುತ್ತದೆ. ಬಳಪದಲ್ಲಿ ಎಳೆಯಿರಿ. ಶಾಲೆಯ ಸೀಮೆಸುಣ್ಣವಲ್ಲ, ಚಪ್ಪಟೆ ಪಟ್ಟಿಯಾಗಿ ಸಿಗುವ ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೆತ್ತಿದ್ದೂ ಇದೇ ಜಾತಿಯ ಮೆತ್ತನೆಯ ಕಲ್ಲನ್ನು. ಅದರ ಗೆರೆ ಕಾಯ್ದರೂ ಅಳಿಯುವುದಿಲ್ಲ, ಆರ್ಕಿನ ಬೆಳಕು ಬಿದ್ದಾಗ ಬೆಳ್ಳಗೆ ಎದ್ದು ಕಾಣುತ್ತದೆ. ಜೋಡಣೆಯ ಮೇಲೆಯೇ ಎಳೆಯದೆ ಅದರ ಪಕ್ಕದಲ್ಲಿ, ಮೂರು ನಾಲ್ಕು ಮಿಲಿಮೀಟರ್ ಬಿಟ್ಟು, ಸಮಾನಾಂತರವಾಗಿ ಎಳೆಯಿರಿ. ಕೊಳ ನುಂಗದ ಜಾಗದಲ್ಲಿ ಗೆರೆಯಿದ್ದರೆ ಕೊನೆಯ ತನಕ ದಾರಿ ತೋರಿಸುತ್ತದೆ.

ಬೆಲೆಯ ವಿಷಯಕ್ಕೆ ಬಂದರೆ, 25,000 ರೂಪಾಯಿಯದು ನಿಮಗೆ ಬೇಡ. ದಿನವಿಡೀ ಕಡಿಮೆ ಆಂಪಿಯರಿನಲ್ಲಿ ಟಿಗ್ ಎಂಬ ನಾಜೂಕಿನ ವೆಲ್ಡಿಂಗ್ ಮಾಡುವವರಿಗೆ ಅದು ದುಡಿದು ಕೊಡುತ್ತದೆ. ನಿಮ್ಮ ಗೇಟಿಗೆ ಅಷ್ಟು ಬೇಕಿಲ್ಲ. 1,800ದ್ದರಲ್ಲಿ ಮೇಲೆ ಹೇಳಿದ ನಾಲ್ಕು ಅಂಕಿಗಳೂ ಆರ್ಕ್ ಇಲ್ಲದಾಗಿನ ಶೇಡೂ ಬರೆದಿದ್ದರೆ ಕೊಳ್ಳಿ, ಇಲ್ಲದಿದ್ದರೆ ಇನ್ನೂ ಸ್ವಲ್ಪ ಕೂಡಿಟ್ಟು ಅವುಗಳನ್ನು ಬರೆದಿರುವಂಥದನ್ನು ತನ್ನಿ. ಅದಕ್ಕೂ ಮೊದಲು, ಈಗ ಬಳಸುತ್ತಿರುವ ಕಪ್ಪು ಗ್ಲಾಸನ್ನು ಹೊರಗೆ ತೆಗೆದು ಅದರ ಮೂಲೆಯಲ್ಲಿ ಯಾವ ಸಂಖ್ಯೆ ಇದೆ ನೋಡಿ, ಇಲ್ಲಿ ಬರೆಯಿರಿ. ಅದು 12 ಆಗಿದ್ದರೆ ನಾಳೆಯೇ 10ರದೊಂದು ತಂದು ಹಾಕಿ, ಹೆಲ್ಮೆಟ್ಟಿನ ಮಾತು ಆಮೇಲೆ ಆಡೋಣ.