ಪ್ರತಿಕ್ರಿಯೆ: ಕರೆಂಟ್ ಹೋಗಿ ಬಂದ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಕಪ್ಪಾಗುವುದು

ದಾವಣಗೆರೆ ಅಂಗಡಿಯ ಉಬುಂಟು ಸಿಸ್ಟಮ್‌ಗೆ ಚಿತ್ರದುರ್ಗದ ಮನೆಯಿಂದ ಎಕ್ಸ್‌ಆರ್‌ಡಿಪಿಯಲ್ಲಿ (ದೂರದಿಂದ ಡೆಸ್ಕ್‌ಟಾಪ್ ತೆರೆಯಲು ಬಿಡುವ ಸರ್ವರ್ ಪ್ರೋಗ್ರಾಂ) ಲಾಗಿನ್ ಆದರೆ ಬರೀ ಕಪ್ಪು ಪರದೆ, ಅದೂ ಅಲ್ಲಿ ಕರೆಂಟ್ ಹೋಗಿ ಬಂದ ದಿನ ಮಾತ್ರ ಅಂದಿದ್ದೀರಿ. ಸರ್ವರ್ ಕೆಟ್ಟಿರಲಿಕ್ಕಿಲ್ಲ ಸರ್. ಸಿಸ್ಟಮ್ ಆನ್ ಆದ ಕೂಡಲೇ ಆಟೋಮ್ಯಾಟಿಕ್ ಲಾಗಿನ್ ಆಗಿ ಅಲ್ಲಿನ ಮಾನಿಟರ್‌ನಲ್ಲಿ ನಿಮ್ಮದೇ ಯೂಸರ್ ಓಡುತ್ತಿರುತ್ತದೆ. ಅದೇ ಯೂಸರ್‌ಗೆ ಇನ್ನೊಂದು ಗ್ನೋಮ್ (ಉಬುಂಟುವಿನ ಡೆಸ್ಕ್‌ಟಾಪ್) ಸೆಷನ್ ಸರಿಯಾಗಿ ಏಳುವುದಿಲ್ಲ.

ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ಸುರಕ್ಷಿತ ದಾರಿ) ಒಳಹೋಗಿ 'ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್' ಕೊಡಿ. ನಿಮ್ಮ ಯೂಸರ್ ಹೆಸರಿನ ಸಾಲಿನಲ್ಲಿ 'ಸೀಟ್0' (ಅಂದರೆ ಅಲ್ಲಿನ ಮಾನಿಟರ್, ಕೀಬೋರ್ಡ್) ಕಂಡರೆ ಕಾರಣ ಅದೇ. ಆ ಸಾಲಿನ ಮೊದಲ ನಂಬರನ್ನು 'ಸುಡೊ ಲಾಗಿನ್‌ಸಿಟಿಎಲ್ ಟರ್ಮಿನೇಟ್-ಸೆಷನ್' ಆದ ಮೇಲೆ ಜಾಗ ಬಿಟ್ಟು ಹಾಕಿ ಓಡಿಸಿ. ಅಂಗಡಿಯಲ್ಲಿ ಯಾರಾದರೂ ಬಿಲ್ ಹಾಕುತ್ತಿದ್ದರೆ ಮೊದಲು ಫೋನ್ ಮಾಡಿ ಸೇವ್ ಮಾಡಿಸಿ, ಇಲ್ಲದಿದ್ದರೆ ಮಾಡಿದ ಕೆಲಸ ಹೋಗುತ್ತದೆ. ಎಕ್ಸ್‌ಆರ್‌ಡಿಪಿ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ, ಆ ಸೆಷನ್ ಅದರ ಕೈಯಲ್ಲಿಲ್ಲ.

ಮತ್ತೆ ಹೀಗಾಗದಿರಲು '/ಇಟಿಸಿ/ಜಿಡಿಎಂ3/ಕಸ್ಟಮ್.ಕಾನ್ಫ್' ಫೈಲಿನಲ್ಲಿ 'ಆಟೋಮ್ಯಾಟಿಕ್‌ಲಾಗಿನ್‌ಎನೇಬಲ್' ಎದುರು 'ಫಾಲ್ಸ್' ಬರೆಯಿರಿ. ರಿಮೋಟ್‌ಗೆಂದೇ ಬೇರೆ ಯೂಸರ್ ಇದ್ದರೆ ಇನ್ನೂ ಒಳ್ಳೆಯದು.

ರೂಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು) ತೆರೆದಿದ್ದೇನೆ ಎಂದೂ ಬರೆದಿದ್ದೀರಿ. ದಯವಿಟ್ಟು ಇವತ್ತೇ ಮುಚ್ಚಿ, ಆ ಪೋರ್ಟ್‌ಗೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲೂ ರಾತ್ರಿ ಬಡಿಯುತ್ತವೆ. ಎಸ್‌ಎಸ್‌ಎಚ್ ಹೇಗೂ ಇದೆಯಲ್ಲ, ಲಾಗಿನ್ ಆಗುವಾಗ '-ಎಲ್ 3390:ಲೋಕಲ್‌ಹೋಸ್ಟ್:3389' ಸೇರಿಸಿ (ಎಲ್ ದೊಡ್ಡಕ್ಷರ), ಆಗ ರಿಮೋಟ್ ಡೆಸ್ಕ್‌ಟಾಪ್ ಎಸ್‌ಎಸ್‌ಎಚ್ ಒಳಗಿಂದಲೇ ಹೋಗುತ್ತದೆ. ಆ ಕಿಟಕಿ ಮುಚ್ಚದೆ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ 'ಲೋಕಲ್‌ಹೋಸ್ಟ್:3390' ಕೊಡಿ.