ಮನೆಯವರ ಜೊತೆ ಕಾಳಿ ನದಿಗೆ ಬೋಟ್ ಪ್ರವಾಸಕ್ಕೆ ಬಂದಾಗ ಅರ್ಧ ದಿನ ಒಬ್ಬನೇ ಕಯಾಕ್‌ನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡೊಳಗೆ ಹೋಗಿಬರಬಹುದೇ? ಯಾವ ಕಯಾಕ್ ಒಳ್ಳೆಯದು? ಮನೆಯವರು ಬೇಸರ ಮಾಡಿಕೊಂಡಾರೇ?

ನಾನೂ ಇದೇ ಲೆಕ್ಕ ಹಾಕಿ ಹೊರಟವನು. ನೀವು ಕಾಳಿ ನದಿ ಅಂದಿದ್ದೀರಿ, ನನ್ನದು ಅಘನಾಶಿನಿ. ಕುಮಟಾ ಹತ್ತಿರ ಎಲ್ಲರೂ ಉಳಿದುಕೊಂಡಿದ್ದೆವು. ಸಂಜೆ 4ಕ್ಕೆ ನದಿ ಸಮುದ್ರ ಸೇರುವ ಅಳಿವೆ ಕಡೆ ಹೋಗಲು ಬೋಟ್ ಗೊತ್ತು ಮಾಡಿದ್ದೆವು. ಅಷ್ಟರೊಳಗೆ ಬರುತ್ತೇನೆಂದು ಹೇಳಿ, ನೆನೆದೀತೆಂದು ಫೋನನ್ನು ಹೆಂಡತಿ ಕೈಗೆ ಕೊಟ್ಟು, ಬೆಳಿಗ್ಗೆ 11ಕ್ಕೆ ಕಯಾಕ್ ಹತ್ತಿದೆ.

ತಪ್ಪಾಗಿದ್ದು ಆ 11 ಗಂಟೆಯಲ್ಲೇ. ಅವತ್ತು ಅಮಾವಾಸ್ಯೆ, ನೀರಿನ ಏರಿಳಿತ ಜೋರಿರುವ ದಿನ. ಸಮುದ್ರದ ಭರತ, ಅಂದರೆ ಉಬ್ಬರ, ಏರಿ ಕಾಂಡ್ಲಾ ಬೇರುಗಳೆಲ್ಲ ಮುಳುಗಿ ನೀರು ತುಂಬಿ ನಿಂತಿತ್ತು. ಇಷ್ಟು ನೀರಿರುವಾಗ ಇನ್ನೇನು ಭಯ ಅಂದುಕೊಂಡೆ. ತುಂಬಿದೆ ಅಂದರೆ ಇನ್ನು ಇಳಿಯುವುದಷ್ಟೇ ಬಾಕಿ ಅಂತ ಹೊಳೆಯಲಿಲ್ಲ. ಇಳಿತಕ್ಕೆ ಸುಮಾರು 6 ಗಂಟೆ ಬೇಕು, ಆದರೆ ನೀರು ಒಂದೇ ಸಮನೆ ಇಳಿಯುವುದಿಲ್ಲ. ಮೊದಲ ಗಂಟೆಯಲ್ಲಿ ಹೋಗುವುದು ಹೆಚ್ಚೂಕಡಿಮೆ 12ರಲ್ಲಿ 1 ಪಾಲು. ಮೂರನೇ, ನಾಲ್ಕನೇ ಗಂಟೆ ಎರಡರಲ್ಲೇ ಅರ್ಧ ನೀರು ಹೋಗಿಬಿಡುತ್ತದೆ. 12 ಗಂಟೆಗೆ ನೋಡಿದರೆ ನೀರು ಇದ್ದ ಹಾಗೇ ಇತ್ತು. ಧೈರ್ಯ ಬಂತು, ಇನ್ನೂ ಒಳಗಿನ ಹಳ್ಳಕ್ಕೆ ತಿರುಗಿಸಿದೆ. ಒಂದೂವರೆಗೆ ವಾಪಸು ಬರುವಾಗ ಹುಟ್ಟು ಕೆಸರಿಗೆ ತಾಗಿತು. 2ಕ್ಕೆ ಕಯಾಕ್ ನಿಂತೇ ಹೋಯಿತು, ಹೊಳೆ ಕಣ್ಣೆದುರೇ ಕಾಣುತ್ತಿತ್ತು.

ಎಳೆಯೋಣವೆಂದು ಇಳಿದರೆ ತೊಡೆಯವರೆಗೆ ಹೂತೆ. ಚಿಪ್ಪು ತಾಗಿ ಹಿಮ್ಮಡಿ ಕೊಯ್ಯಿತು. ಹೇಗೋ ಮತ್ತೆ ಹತ್ತಿ ಕೂತೆ. 5ರ ಸುಮಾರಿಗೆ ಬಳಚು (ಚಿಪ್ಪುಮೀನು) ಹೆಕ್ಕಿ, ಬುಟ್ಟಿ ಹೊತ್ತು ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆ ಮೇಲೆ ಬರುತ್ತಿದ್ದ ಅಕ್ಕ ಒಬ್ಬರು ನೋಡಿ ಕೂಗಿದರು: "ಇಳೀಬೇಡ ತಮಾ, ಅಲ್ಲೇ ಕೂತ್ಕಂಡಿರು. ಭರತ ಬಂದ್ರೆ ದೋಣಿ ತಾನೇ ಏಳ್ತದೆ." ಮನೆಯವರಿಗೆ ಸುದ್ದಿ ಮುಟ್ಟಿಸಿದ್ದೂ ಅವರೇ.

ದೋಣಿ ಎದ್ದಾಗ ರಾತ್ರಿ ಎಂಟೂವರೆ. ದಡದಲ್ಲಿ ಅಮ್ಮ ಟಾರ್ಚ್ ಹಿಡಿದು ನಿಂತಿದ್ದರು, ಮಧ್ಯಾಹ್ನದಿಂದ ಒಂದು ಹನಿ ನೀರೂ ಕುಡಿದಿರಲಿಲ್ಲ. ಮಗಳು ಮರುದಿನವೂ ಬೋಟ್ ಹತ್ತಲು ಒಪ್ಪಲಿಲ್ಲ.

ಅದಕ್ಕೇ ಹೇಳುತ್ತೇನೆ, ಯಾವ ಕಯಾಕಾದರೂ ಆದೀತು. ಬೇಸರದ ಮಾತು ಆಮೇಲಿನದು. "ಅರ್ಧ ದಿನ" ಅನ್ನುವ ಲೆಕ್ಕವೇ ಸರಿಯಿಲ್ಲ. ಭರತ ಅರ್ಧ ಏರಿದಾಗ ಹಳ್ಳಕ್ಕೆ ಹೋಗಿ, ಪೂರ್ತಿ ತುಂಬುವಷ್ಟರಲ್ಲಿ ಹೊರಗೆ ಬಂದಿರಬೇಕು. ಸಿಗುವುದು ಎರಡೂವರೆ, ಮೂರು ಗಂಟೆ ಅಷ್ಟೇ. ಭರತ ದಿನಾ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ನಿನ್ನೆಯ ಟೈಮು ಇವತ್ತಿಗೆ ನಡೆಯುವುದಿಲ್ಲ. ಅಘನಾಶಿನಿಗೆ ಅಣೆಕಟ್ಟಿಲ್ಲ, ಆದರೆ ಕಾಳಿಗೆ ಮೇಲೆ ಕದ್ರಾ ಅಣೆಕಟ್ಟು ಇದೆ. ಅಲ್ಲಿ ನೀರು ಬಿಟ್ಟ ದಿನ ಭರತದ ಲೆಕ್ಕವೊಂದೇ ಸಾಲದು. ಒಬ್ಬನೇ ಇರಬೇಕೆಂಬ ಆಸೆ ನನಗೂ ಗೊತ್ತು. ಆದರೂ ಪಾತಿ (ಸಣ್ಣ ನಾಡ) ದೋಣಿಯ ಊರವರೊಬ್ಬರು ಸ್ವಲ್ಪ ಹಿಂದೆ ಬರಲಿ, ಫೋನ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗಿಟ್ಟುಕೊಳ್ಳಿ.

ಬುಕ್ ಮಾಡುವ ಮುಂಚೆ ಪಂಚಾಂಗ ತೆಗೆದು ತಿಥಿ ನೋಡಿ. ಅಷ್ಟಮಿ ಆಸುಪಾಸಾದರೆ ಏರಿಳಿತ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆ ಬಿದ್ದರೆ ಅವತ್ತು ಎಲ್ಲರ ಜೊತೆ ದೊಡ್ಡ ಬೋಟಿನಲ್ಲೇ ಹೋಗಿ.