ಹಿತ್ತಲಲ್ಲಿ ಬೆಂಕಿಗುಂಡಿ ಕಟ್ಟಲು ಹೊಳೆಕಲ್ಲು ಆಗುತ್ತದೆಯೇ?

ಹೊಳೆಯಿಂದ ಆಯ್ದು ತಂದ ಕಲ್ಲು ರಾಶಿ ಬಿದ್ದಿದೆ, ಸಿಮೆಂಟು ಹಾಕಿ ಕಟ್ಟಿಬಿಡಲೇ, ಹೊಗೆ ಬಾರದ ಹಾಗೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಆ ಕಲ್ಲನ್ನು ಹೂಗಿಡದ ಪಾತಿಗೆ ಅಂಚು ಕಟ್ಟಲು ಬಳಸಿಕೊಳ್ಳಿ. ಬೆಂಕಿಯ ಹತ್ತಿರ ಬೇಡವೇ ಬೇಡ.

ನಾನೂ ಮೊದಲ ಸಲ ನುಣುಪು ಗುಂಡುಕಲ್ಲಿಗೆ ಮರುಳಾದವನೇ. ಬೆಂಕಿ ಹೊತ್ತಿಸಿ ಅರ್ಧ ಗಂಟೆಯಾಗಿತ್ತೇನೋ, ಪಟಾಕಿ ಹೊಡೆದ ಹಾಗೆ ಸದ್ದಾಯಿತು, ಅಂಗೈಯಗಲದ ಚಕ್ಕೆ ಹಾರಿಬಂದು ನನ್ನ ಕುರ್ಚಿಯ ಕಾಲಿಗೆ ಬಡಿಯಿತು. ನೀರಿನಲ್ಲೇ ಬಿದ್ದಿದ್ದ ಕಲ್ಲು ಮುಟ್ಟಿದರೆ ಒಣಗಿದಂತಿರುತ್ತದೆ, ಆದರೆ ಒಳಬಿರುಕುಗಳಲ್ಲಿ ತೇವ ಕೂತಿರುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಕಲ್ಲನ್ನೇ ಸೀಳಿಕೊಂಡು ಹೋಗುತ್ತದೆ. ಮಾಮೂಲಿ ಕಾಂಕ್ರೀಟ್ ಬ್ಲಾಕು, ಸಿಮೆಂಟು ಗಾರೆಯದ್ದೂ ಹೆಚ್ಚುಕಡಿಮೆ ಇದೇ ಹಣೆಬರಹ. ಸಿಡಿಯದಿದ್ದರೂ ಬಿರುಕುಬಿಟ್ಟು ಉದುರುತ್ತದೆ.

ಬೆಂಕಿ ತಾಗುವ ಒಳಸಾಲಿಗೆ ಫೈರ್ ಬ್ರಿಕ್, ಅಂದರೆ ಹೆಚ್ಚು ಶಾಖ ತಡೆಯುವ ಇಟ್ಟಿಗೆ ಇಡಿ. ಹೊರಸಾಲಿಗೆ ನೋಡಲು ಚೆಂದವಿರುವ ಯಾವ ಒಣಕಲ್ಲಾದರೂ ಸರಿ. ಗಾರೆ ಬೇಕೇಬೇಕು ಅನ್ನಿಸಿದರೆ ಒಲೆ, ಕುಲುಮೆಗೆ ಬಳಸುವ ಶಾಖ ತಡೆಯುವ ಗಾರೆಯನ್ನೇ ತನ್ನಿ. ನನ್ನನ್ನು ಕೇಳಿದರೆ ಮೊದಲ ವರ್ಷ ಗಾರೆಯಿಲ್ಲದೆ ಬರೀ ಜೋಡಿಸಿಡಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹೊಗೆ ಯಾರ ಕಿಟಕಿಗೆ ನುಗ್ಗುತ್ತದೆ ಎಂಬುದು ನಾಲ್ಕಾರು ಸಲ ಉರಿಸಿದ ಮೇಲೆಯೇ ಗೊತ್ತಾಗುವುದು. ಆಗ ಕಿತ್ತು ಬೇರೆ ಕಡೆ ಇಡಬಹುದು.

ಮನೆ, ಬೇಲಿ, ಮರಗಳಿಂದ 10 ಅಡಿ ದೂರ ಎಂದು ಕೆಲವರು ಹೇಳುತ್ತಾರೆ. ನಾನು 20 ಅಡಿಗಿಂತ ಕಡಿಮೆ ಬಿಡುವುದಿಲ್ಲ. ತಲೆಯ ಮೇಲೆ ಕೊಂಬೆ, ತಂತಿ, ಚಾವಣಿ ಯಾವುದೂ ಇರಬಾರದು. ಅಗೆಯುವ ಮೊದಲು ನೆಲದಡಿ ಪೈಪು, ಕೇಬಲ್ಲು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ದಪ್ಪ ಬೇರು ಸಿಕ್ಕಿದರೆ ಜಾಗ ಬದಲಿಸಿ. ಬೇರು ಮಣ್ಣಿನೊಳಗೇ ದಿನಗಟ್ಟಲೆ ಕನಲುತ್ತಾ ಹೋಗಬಲ್ಲದು. ಬಯಲಲ್ಲಿ ಬೆಂಕಿ ಹಾಕಲು ನಿಮ್ಮಲ್ಲಿ ಅನುಮತಿ ಬೇಕೇ ಎಂಬುದನ್ನೂ ವಿಚಾರಿಸಿ.

ನಡುವೆ ಗೂಟ ಹೊಡೆದು, ಒಂದೂವರೆ ಅಡಿ ಹಗ್ಗ ಕಟ್ಟಿ ಸುತ್ತು ಎಳೆದರೆ 3 ಅಡಿ ಅಗಲದ ವೃತ್ತ. ಇದು ಒಳ ಅಳತೆ, ಗೋಡೆಯ ದಪ್ಪ ಇದರ ಹೊರಗೆ ಬರಬೇಕು. ಇದಕ್ಕಿಂತ ದೊಡ್ಡದು ಮಾಡುವ ಆಸೆ ಬೇಡ. ಸೌದೆ ಸುಮ್ಮನೆ ಸುರಿಯಬೇಕಾಗುತ್ತದೆ, ಕೂತವರಿಗೆ ಬಿಸಿಯೂ ತಾಕುವುದಿಲ್ಲ. ಒಂದಡಿ ಅಗೆದು, ತಳದಲ್ಲಿ 4 ಅಂಗುಲ ಒಡೆದ ಜಲ್ಲಿ ಹಾಕಿ. ಜೇಡಿಮಣ್ಣಾದರೆ ಇನ್ನೂ ಸ್ವಲ್ಪ ಆಳ ಮಾಡಿ ಜಲ್ಲಿ ಹೆಚ್ಚಿಸಿ, ಇಲ್ಲದಿದ್ದರೆ ಮಳೆ ಬಂದಾಗ ಬಾವಿಯಾಗುತ್ತದೆ. ನೆಲದ ಮೇಲೆ ಗೋಡೆ ಒಂದಡಿ ಸಾಕು. ಎತ್ತರಿಸಿದರೆ ಮುಖ ಬೆವರುತ್ತದೆ, ಕಾಲು ತಣ್ಣಗೇ ಇರುತ್ತದೆ. ನೆಲಮಟ್ಟದ ಸಾಲಿನಲ್ಲಿ ಮೂರು ನಾಲ್ಕು ಕಡೆ ಎರಡು ಬೆರಳಗಲ ಸಂದು ಬಿಡುವುದನ್ನು ಮಾತ್ರ ಮರೆಯಬೇಡಿ. ಗಾಳಿಯಾಡದಿದ್ದರೆ ಉರಿ ಏಳದೆ ಬರೀ ಹೊಗೆಯಾಡುತ್ತದೆ.

ಗುಂಡಿ ಎಷ್ಟೇ ಚೆನ್ನಾಗಿದ್ದರೂ ಹಸಿ ಸೌದೆ ಹಾಕಿದರೆ ಹೊಗೆ ತಪ್ಪಿದ್ದಲ್ಲ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಶಕ್ತಿಯೆಲ್ಲ ಅದನ್ನು ಕಾಯಿಸುವುದಕ್ಕೇ ಹೋಗುತ್ತದೆ. ತೇವ 20 ಶೇಕಡಾಕ್ಕಿಂತ ಕಡಿಮೆಯಾಗಬೇಕು. ಸೀಳಿ, ಮೇಲ್ಭಾಗ ಮಾತ್ರ ಮುಚ್ಚಿ, ಬದಿಗೆ ಗಾಳಿ ಬಿಟ್ಟು ಆರು ತಿಂಗಳಿಂದ ಒಂದು ವರ್ಷ ಒಣಗಿಸಿ. ಎರಡು ತುಂಡು ಒಂದಕ್ಕೊಂದು ಬಡಿದಾಗ ‘ಟಣ್’ ಅಂದರೆ ಒಣಗಿದೆ, ‘ದಬ್’ ಅಂದರೆ ಇನ್ನೂ ಕಾಯಿರಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ಡು, ಗೆದ್ದಲಿನ ಔಷಧಿ ಕುಡಿಸಿದ ಮರ ಹಾಕಲೇಬೇಡಿ, ಆ ಹೊಗೆ ವಿಷ.

ಆರಿಸುವಾಗ ನೀರನ್ನು ದಬದಬ ಸುರಿಯಬೇಡಿ, ಇಟ್ಟಿಗೆ ಸೀಳುತ್ತದೆ, ಆವಿ ಮುಖಕ್ಕೆ ಹೊಡೆಯುತ್ತದೆ. ಉರಿ ತಗ್ಗಿದ ಮೇಲೆ ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ಚಿಮುಕಿಸಿ. ಮುಂಗೈ ಹತ್ತಿರ ಹಿಡಿದರೂ ಬಿಸಿ ತಾಕದಷ್ಟು ತಣ್ಣಗಾಗಬೇಕು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೇ ತುಂಬಿ. ಮಾರನೆಯ ದಿನ ಮಧ್ಯಾಹ್ನ, ಎಲ್ಲ ಆರಿದೆ ಅಂದುಕೊಂಡು ನಾನು ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿಟ್ಟಿದ್ದೆ. ಸಂಜೆ ಎತ್ತಿದಾಗ ತಳ ನೆಲದಲ್ಲೇ ಉಳಿಯಿತು.